ಜೋಡಿಯಾಗಿ ಹೊರದೇಶಕ್ಕೆ: ಯಾವ ದೇಶದ ಕೆಲಸದ ವೀಸಾ ಯಾವ ದಂಪತಿಗೆ ಹೊಂದುತ್ತದೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಹೊರದೇಶದ ಮಾತು ಬಂತೆಂದರೆ ಮೊದಲು ಕೇಳುವುದು ‘ಸಂಬಳ ಎಷ್ಟಂತೆ?’ ಎಂದು. ಗಂಡ ಹೆಂಡತಿ ಇಬ್ಬರೂ ಹೋಗಿ ಅಲ್ಲೇ ನೆಲೆಸುವ ಆಸೆ ಇದ್ದರೆ ಅದು ನಾಲ್ಕನೆಯ ಪ್ರಶ್ನೆಯಾಗಬೇಕು. ಅದಕ್ಕೂ ಮೊದಲು ಕೇಳಬೇಕಾದವು ಮೂರಿವೆ. ಜೊತೆಯಲ್ಲಿ ಹೋಗುವವರಿಗೆ ಇಳಿದ ದಿನದಿಂದಲೇ ದುಡಿಯಲು ಬಿಡುತ್ತಾರೆಯೇ? ವೀಸಾ ಕೊಡಿಸಿದ ಕೆಲಸ ಕೈತಪ್ಪಿದರೆ ಎಷ್ಟು ದಿನ ಉಳಿಯಬಹುದು? ಪಿ.ಆರ್., ಅಂದರೆ ಅಲ್ಲಿ ಕಾಯಂ ನೆಲೆಸುವ ಹಕ್ಕು, ಸಿಗಲು ಎಷ್ಟು ವರ್ಷ ಬೇಕು, ಆ ಎಣಿಕೆ ಇಬ್ಬರಿಗೂ ಒಟ್ಟಿಗೆ ಶುರುವಾಗುತ್ತದೆಯೇ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಫರ್ ಲೆಟರ್ ಬಂದವರ ಅನುಕೂಲ ನೋಡಿ ದೇಶ ಆರಿಸಿಕೊಂಡರೆ, ಬಿ.ಇ. ಅಥವಾ ನರ್ಸಿಂಗ್ ಓದಿದ ಇನ್ನೊಬ್ಬರು ಎರಡು–ಮೂರು ವರ್ಷ ಮನೆಯಲ್ಲೇ ಕೂರಬೇಕಾಗುತ್ತದೆ. ಆ ಖಾಲಿ ವರ್ಷಗಳು ಆಮೇಲೆ ಎಲ್ಲಿ ಕೆಲಸ ಹುಡುಕಿದರೂ ಕಾಡುತ್ತವೆ. ಅಲ್ಲಿನ ಬಾಡಿಗೆಗೆ ಒಂದು ಸಂಬಳ ಸಾಲುವುದೂ ಕಷ್ಟ. ಹಾಗಾಗಿ ಇಬ್ಬರಲ್ಲಿ ಯಾರ ಸ್ಥಾನ ದುರ್ಬಲವೋ ಅವರ ಕೈಗೆ ಬರುವ ವಾಸದ ಕಾರ್ಡಿನಲ್ಲಿ ಏನು ಬರೆದಿರುತ್ತದೆ ಎಂಬುದನ್ನು ನೋಡಿ ದೇಶ ಆರಿಸಿ ಎಂಬುದು ನಮ್ಮ ಸಲಹೆ. ಇಲ್ಲಿನ ಅಂಕಿಗಳು 2025 ಮತ್ತು 2026ರ ನಿಯಮಗಳವು. ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಜರ್ಮನಿ: ಭಾಷೆ ಕಲಿಯುವವರಿಗೆ

ಜರ್ಮನಿಯಲ್ಲಿ ದಂಪತಿಗೆ ಅನುಕೂಲವಾದ ದಾರಿ ಇ.ಯು. ಬ್ಲೂ ಕಾರ್ಡ್ ಎಂಬ ಕೆಲಸ–ವಾಸದ ಪರವಾನಗಿ. ಪದವಿ ಬೇಕು, ಆ ಪದವಿಗೆ ಹೊಂದುವ ಕೆಲಸ ಬೇಕು, ವರ್ಷದ ಸಂಬಳ ಒಂದು ಮಿತಿ ದಾಟಿರಬೇಕು. ಈ ಮಿತಿ ಪ್ರತಿ ಜನವರಿಯಲ್ಲಿ ಏರುತ್ತದೆ. 2025ರಲ್ಲಿ 48,300 ಯೂರೊ ಇತ್ತು, 2026ಕ್ಕೆ 50,700 ಯೂರೊ ಆಗಿದೆ. ಜನ ಸಿಗದ ಕೆಲಸಗಳಿಗೆ, ಅಂದರೆ ಎಂಜಿನಿಯರಿಂಗ್, ಐ.ಟಿ., ವೈದ್ಯಕೀಯದಂಥವಕ್ಕೆ, ಮತ್ತು ಪದವಿ ಮುಗಿಸಿ ಮೂರು ವರ್ಷ ದಾಟದವರಿಗೆ 45,934 ಯೂರೊ ಸಾಕು. ಐ.ಟಿ.ಯವರಿಗೆ ಇನ್ನೊಂದು ರಿಯಾಯಿತಿಯೂ ಇದೆ: ಪದವಿ ಇಲ್ಲದಿದ್ದರೂ ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವವಿದ್ದರೆ ಅರ್ಜಿ ಹಾಕಬಹುದು.

ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಪಾಸಾಗಬೇಕಿಲ್ಲ. ಅಲ್ಲಿ ಇಳಿದ ಮೇಲೆ ಯಾವ ಕೆಲಸ ಬೇಕಾದರೂ ಮಾಡಬಹುದು, ಬೇರೆ ಪರವಾನಗಿ ಬೇಡ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಯಮ ಕಡಿಮೆ. ತೊಡಕು ಬರುವುದು ಕೆಲಸ ಹುಡುಕುವಾಗ. ಸಾಫ್ಟ್‌ವೇರ್ ಬಿಟ್ಟು ಬೇರೆ ಕಡೆ, ಅಂದರೆ ಅಕೌಂಟ್ಸ್, ಶಾಲೆ, ಆಸ್ಪತ್ರೆ, ಲ್ಯಾಬ್ ಎಲ್ಲೇ ಆಗಲಿ, ಬಿ2 ಮಟ್ಟದ ಜರ್ಮನ್ (ಭಾಷೆಯ ಮಟ್ಟ ಎ1, ಎ2, ಬಿ1, ಬಿ2 ಎಂದು ಏರುತ್ತದೆ) ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಎಂ.ಕಾಂ. ಓದಿದ ಹೆಂಡತಿ, ಸಾಫ್ಟ್‌ವೇರ್ ಗಂಡ ಇರುವ ಮನೆಯಲ್ಲಿ ಜರ್ಮನ್ ಕ್ಲಾಸಿಗೆ ಮೊದಲು ಸೇರಬೇಕಾದವರು ಹೆಂಡತಿ. ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಆನ್‌ಲೈನಿನಲ್ಲೂ ಪಾಠ ಹೇಳುತ್ತದೆ. ಕೋಲಾರದಿಂದ ದಿನಾ ಓಡಾಡಬೇಕಿಲ್ಲ.

ಪಿ.ಆರ್. ಲೆಕ್ಕ ಹೀಗೆ: ಬ್ಲೂ ಕಾರ್ಡ್ ಇದ್ದವರಿಗೆ ಎ1 ಜರ್ಮನ್ ಇದ್ದರೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು. ಜೊತೆಗೆ ಬಂದವರಿಗೆ ಅದು ತಾನಾಗಿ ಸಿಗುವುದಿಲ್ಲ. ಮೊದಲನೆಯವರಿಗೆ ಪಿ.ಆರ್. ಆದ ಮೇಲೆ, ಇವರು ಮೂರು ವರ್ಷ ವಾಸದ ಪರವಾನಗಿ ಹೊಂದಿದ್ದು, ವಾರಕ್ಕೆ ಕನಿಷ್ಠ 20 ಗಂಟೆ ಕೆಲಸದಲ್ಲಿದ್ದು, ಬಿ1 ಭಾಷೆ ತೋರಿಸಬೇಕು. ಕೆಲಸವಿಲ್ಲದೆ ಮನೆಯಲ್ಲೇ ಇದ್ದರೆ ಈ ಬೇಗದ ದಾರಿ ಮುಚ್ಚಿಹೋಗುತ್ತದೆ.

ಮೊದಲ 12 ತಿಂಗಳೊಳಗೆ ಕೆಲಸ ಬದಲಿಸಿದರೆ ವಲಸೆ ಕಚೇರಿಗೆ ತಿಳಿಸಲೇಬೇಕು. ಕೆಲಸ ಹೋದರೂ ಹಾಗೆಯೇ. ಬೇರೆ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಸಿಗುತ್ತದೆ. ತಿಳಿಸದೆ ಸುಮ್ಮನಿದ್ದು ಕಾರ್ಡ್ ನವೀಕರಣದ ದಿನ ಸಿಕ್ಕಿಬಿದ್ದರೆ ಆ ತಿಂಗಳುಗಳೂ ಇಲ್ಲ.

ಅರ್ಜಿಗೆ ಮೊದಲು ಅನಾಬಿನ್ ಎಂಬ ಜರ್ಮನ್ ತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ‘ಎಚ್ ಪ್ಲಸ್’ (ಮಾನ್ಯತೆಯ ಗುರುತು) ಇದೆಯೇ, ನಿಮ್ಮ ಪದವಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ. ಎರಡೂ ಇದ್ದರೆ ಆ ಪುಟವನ್ನೇ ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಬಹುದು. ಒಂದು ಇಲ್ಲದಿದ್ದರೂ ಝಡ್‌ಎಬಿ ಎಂಬ ಸಂಸ್ಥೆಯಿಂದ 208 ಯೂರೊ ಕಟ್ಟಿ ಪದವಿ ಹೋಲಿಕೆ ಪತ್ರ ತರಿಸಬೇಕು. ನರ್ಸಿಂಗಿನದು ಬೇರೆಯೇ ದಾರಿ. ಅಲ್ಲಿ ವೃತ್ತಿಯ ಮಾನ್ಯತೆ ಕಡ್ಡಾಯ, ಭಾಷೆ ಬಿ2 ತನಕ ಬೇಕು.

ಆಫರ್ ಇಲ್ಲದೆ ಹೋಗಿ ಕೆಲಸ ಹುಡುಕಲು 2024ರ ಜೂನ್‌ನಲ್ಲಿ ‘ಚಾನ್ಸೆನ್‌ಕಾರ್ಟೆ’ ಶುರುವಾಯಿತು. ಅವಧಿ ಒಂದು ವರ್ಷ, ವಾರಕ್ಕೆ 20 ಗಂಟೆ ಕೆಲಸ, ತಿಂಗಳಿಗೆ 1,091 ಯೂರೊ ಲೆಕ್ಕದಲ್ಲಿ ಹಣ ಮುಂಗಡ ತೋರಿಸಬೇಕು. ಒಬ್ಬರೇ ಇರುವವರಿಗೆ ಇದು ಸರಿ. ದಂಪತಿಗೆ ನಾವು ಇದನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ಇದರ ಮೇಲೆ ಸಂಗಾತಿಯನ್ನು ಕರೆಸಿಕೊಳ್ಳುವ ದಾರಿ ಇಲ್ಲದಂತೆಯೇ.

ಕೆನಡಾ: ಯಾರ ಹೆಸರಲ್ಲಿ ಅರ್ಜಿ?

ಅಂಕ ನೋಡಿ ಪಿ.ಆರ್.ಗೆ ಆಹ್ವಾನಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಗೆದ್ದರೆ ಗಂಡ ಹೆಂಡತಿ ಇಬ್ಬರ ಕೈಗೂ ಒಂದೇ ದಿನ ಪಿ.ಆರ್. ಬರುತ್ತದೆ. ಕೆಲಸ ಹೋದರೆ ಎಂಬ ಭಯವಿಲ್ಲ, ಡಿಪೆಂಡೆಂಟ್ ಎಂಬ ಮಾತೂ ಇಲ್ಲ. ದಂಪತಿಗೆ ಇದಕ್ಕಿಂತ ಗಟ್ಟಿಯಾದ ಕಾಗದ ಬೇರೆ ದೇಶದಲ್ಲಿ ಸಿಗುವುದು ಕಷ್ಟ. ಆದರೆ ಅಂಕಗಳು ಮುಟ್ಟಬೇಕು. ಒಟ್ಟು 1,200ರ ಈ ಅಂಕಪಟ್ಟಿಯಲ್ಲಿ ಅರ್ಜಿ ಯಾರ ಹೆಸರಲ್ಲಿ ಎಂಬುದೊಂದೇ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಒಂದು ಜೋಡಿಯನ್ನು ಹತ್ತಿರದಿಂದ ಲೆಕ್ಕ ಹಾಕೋಣ. ಗಂಡನಿಗೆ 36, ಬಿ.ಇ., ವಸಂತನರಸಾಪುರದ ಕಾರ್ಖಾನೆಯಲ್ಲಿ ಹತ್ತು ವರ್ಷದ ಅನುಭವ, ಕೆನಡಾದ ಭಾಷಾ ಮಟ್ಟದ ಲೆಕ್ಕದಲ್ಲಿ ಇಂಗ್ಲಿಷ್ ಸಿಎಲ್‌ಬಿ 8. ಹೆಂಡತಿಗೆ 29, ಬಿ.ಇ., ಐದು ವರ್ಷದ ಅನುಭವ, ಸಿಎಲ್‌ಬಿ 9. ಮನೆಯ ಯಜಮಾನ ಎಂದು ಗಂಡನ ಹೆಸರಲ್ಲಿ ಹಾಕಿದರೆ: ವಯಸ್ಸಿಗೆ 65, ಪದವಿಗೆ 112, ಭಾಷೆಗೆ 88, ಪದವಿ–ಅನುಭವ–ಭಾಷೆ ಕೂಡಿಸಿ ಕೊಡುವುದು 38, ಹೆಂಡತಿಯ ಕಡೆಯಿಂದ 28. ಒಟ್ಟು 331. ಅದನ್ನೇ ಹೆಂಡತಿಯ ಹೆಸರಲ್ಲಿ ಹಾಕಿದರೆ: ವಯಸ್ಸಿಗೆ 100, ಪದವಿಗೆ 112, ಭಾಷೆಗೆ 116, ಕೂಡಿಸಿ ಕೊಡುವುದು 75, ಗಂಡನ ಕಡೆಯಿಂದ 20. ಒಟ್ಟು 423. ಮನೆ ಅದೇ, ಮಾರ್ಕ್ಸ್ ಕಾರ್ಡ್ ಅವೇ. 92 ಅಂಕ ಹೆಚ್ಚು.

ಇದೇ ಹೆಂಡತಿ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಜನರಲ್‌ನಲ್ಲಿ ಓದು, ಬರಹ, ಮಾತು ಮೂರರಲ್ಲೂ 7.0 ತೆಗೆದು, ಕೇಳುವ ಪರೀಕ್ಷೆಯಲ್ಲಿ 8.0 ಬದಲು 7.5 ತೆಗೆದರು ಎನ್ನಿ. ಕೇಳುವುದಕ್ಕೆ 29 ಇದ್ದದ್ದು 22 ಆಗುತ್ತದೆ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ 9 ಇದ್ದರೆ ಮಾತ್ರ ಆ 75 ಸಿಗುವುದು, ಇಲ್ಲವಾದರೆ 38. ಅರ್ಧ ಬ್ಯಾಂಡಿಗೆ 44 ಅಂಕ ಹೋಯಿತು. ಕೇಳುವ ಪರೀಕ್ಷೆಗೆ 8.0 ಬೇಕೆಂಬುದನ್ನು ಗಮನಿಸದೆ ‘ಎಲ್ಲದರಲ್ಲೂ ಏಳು ಬಂದರೆ ಸಾಕು’ ಎಂದು ತಯಾರಾಗುವವರೇ ಹೆಚ್ಚು. ಮತ್ತೆ ಪರೀಕ್ಷೆ ಬರೆಯುವ ಖರ್ಚು ಈ ಒಂದು ಕಾರಣಕ್ಕೇ ಆಗುತ್ತದೆ.

ಕೆನಡಾದಲ್ಲಿ ಈಗಾಗಲೇ ದುಡಿಯುತ್ತಿರುವವರಿಗಾಗಿ 2025ರಲ್ಲಿ ನಡೆದ ಆಹ್ವಾನದ ಸುತ್ತುಗಳಲ್ಲಿ ಕಟ್‌ಆಫ್ 500ರ ಮೇಲೇ ಇತ್ತು. ಹಾಗಾಗಿ 423 ಇಟ್ಟುಕೊಂಡು ಊರಲ್ಲಿ ಕಾಯುತ್ತ ಕೂತರೆ ಆಗದು. 2025ರ ಮಾರ್ಚ್ 25ರಿಂದ ಆಫರ್ ಲೆಟರ್‌ಗೆ ಕೊಡುತ್ತಿದ್ದ ಅಂಕವನ್ನೂ ತೆಗೆದರು. ಉಳಿದ ದಾರಿಗಳಲ್ಲಿ ಪ್ರಾಂತ್ಯದ ನಾಮನಿರ್ದೇಶನ ಒಂದು, ಅದು ಸಿಕ್ಕರೆ 600 ಅಂಕ. ಆರೋಗ್ಯ ಕ್ಷೇತ್ರದವರಿಗಾಗಿ ಬೇರೆಯೇ ಸುತ್ತುಗಳಿವೆ. ಮೂರನೆಯದು ಫ್ರೆಂಚ್. ನಾಲ್ಕೂ ವಿಭಾಗದಲ್ಲಿ ಏಳನೇ ಮಟ್ಟದ ಫ್ರೆಂಚ್ ಬಂದರೆ ಮೇಲಿನ 423ಕ್ಕೆ 62 ಸೇರುತ್ತದೆ. ಜೊತೆಗೆ ಫ್ರೆಂಚ್ ಬಲ್ಲವರ ಪ್ರತ್ಯೇಕ ಸುತ್ತಿನಲ್ಲಿ ನಿಲ್ಲಬಹುದು. 2025ರ ಮಾರ್ಚ್‌ನ ಅಂಥ ಒಂದು ಸುತ್ತಿನ ಕಟ್‌ಆಫ್ 379ಕ್ಕೆ ಇಳಿದಿತ್ತು. ಸೊನ್ನೆಯಿಂದ ಶುರುಮಾಡಿದವರಿಗೆ ಆ ಮಟ್ಟ ಮುಟ್ಟಲು ವರ್ಷದ ಮೇಲಾಗುತ್ತದೆ. ಅಷ್ಟರಲ್ಲಿ ಒಂದು ಹುಟ್ಟುಹಬ್ಬ ಬಂದು ಐದು ಅಂಕ ಹೋದರೂ ಇದು ಲಾಭದ ಲೆಕ್ಕವೇ.

ಮೊದಲು ಒಬ್ಬರು ವರ್ಕ್ ಪರ್ಮಿಟ್ ಅಥವಾ ಓದಿನ ವೀಸಾದಲ್ಲಿ ಹೋಗುವ ಯೋಚನೆ ಇದ್ದರೆ ಹುಷಾರು. 2025ರ ಜನವರಿ 21ರಿಂದ ಸಂಗಾತಿಯ ಓಪನ್ ವರ್ಕ್ ಪರ್ಮಿಟ್ (ಯಾವ ಕಂಪನಿಯಲ್ಲಾದರೂ ದುಡಿಯಲು ಬಿಡುವ ಪರವಾನಗಿ) ಬಿಗಿಯಾಗಿದೆ. ದುಡಿಯುವವರ ಕೆಲಸ ಮೇಲಿನ ದರ್ಜೆಯದಾಗಿರಬೇಕು ಅಥವಾ ಆರಿಸಿದ ಕೆಲವು ವೃತ್ತಿಗಳಲ್ಲಿರಬೇಕು, ಅವರ ಪರ್ಮಿಟ್‌ನಲ್ಲಿ ಕನಿಷ್ಠ 16 ತಿಂಗಳು ಉಳಿದಿರಬೇಕು. ಓದಲು ಹೋಗುವವರಾದರೆ 16 ತಿಂಗಳು ಅಥವಾ ಅದಕ್ಕೂ ಉದ್ದದ ಮಾಸ್ಟರ್ಸ್, ಪಿಎಚ್.ಡಿ., ಇಲ್ಲವೇ ಗೊತ್ತುಪಡಿಸಿದ ಕೆಲವು ವೃತ್ತಿಪರ ಕೋರ್ಸ್ ಆಗಿರಬೇಕು. ಕಾಲೇಜ್ ಡಿಪ್ಲೊಮಾಕ್ಕೆ ಸೇರಿಸಿ ‘ಗಂಡನನ್ನೂ ಕರೆಸಿಕೊಳ್ಳಬಹುದು’ ಎನ್ನುವ ಏಜೆಂಟ್ ಹಳೆಯ ನಿಯಮ ಹೇಳಿ ಹೊಸ ದುಡ್ಡು ಕೇಳುತ್ತಿದ್ದಾನೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಂಕ ಏರಲೆಂದು ಸಂಗಾತಿಯನ್ನು ‘ಜೊತೆಗೆ ಬರುವುದಿಲ್ಲ’ ಎಂದು ತೋರಿಸಿ ಎನ್ನುವವರಿದ್ದಾರೆ. ಬರುವ ಇರಾದೆ ಇಟ್ಟುಕೊಂಡು ಹಾಗೆ ಬರೆದರೆ ಅದು ಸುಳ್ಳು ಹೇಳಿಕೆ. ಸಿಕ್ಕಿಬಿದ್ದರೆ ಐದು ವರ್ಷ ಪ್ರವೇಶವಿಲ್ಲ. ಮದುವೆಯಾದ ಸಂಗತಿಯನ್ನೇ ಮುಚ್ಚಿಟ್ಟರಂತೂ ಆ ಸಂಗಾತಿಯನ್ನು ಆಮೇಲೆ ಕುಟುಂಬದ ದಾರಿಯಲ್ಲಿ ಕರೆಸಿಕೊಳ್ಳುವ ಹಕ್ಕೇ ಹೋಗಬಹುದು. ಅರ್ಜಿ ಹಾಕಿ ಪಿ.ಆರ್. ಬರುವುದರೊಳಗೆ ಮದುವೆಯಾದರೂ ತಿಳಿಸಬೇಕು. ನಿಶ್ಚಿತಾರ್ಥವಾಗಿ ಆಷಾಢ ಕಳೆಯಲಿ ಎಂದು ಕಾಯುತ್ತಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಬ್ರಿಟನ್: ಸಂಗಾತಿಗೆ ಕೆಲಸ ಸುಲಭ, ನೆಲೆ ಕಷ್ಟ

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸಂಗಾತಿ ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು. ಭಾಷೆಯೂ ಇಂಗ್ಲಿಷ್. ಇಷ್ಟು ಕೇಳಿದರೆ ಇದೇ ಮೇಲು ಅನ್ನಿಸುತ್ತದೆ. ಆದರೆ 2025ರ ಜುಲೈ 22ರಿಂದ ಬಾಗಿಲು ಕಿರಿದಾಗಿದೆ: ಕೆಲಸ ಪದವಿ ಮಟ್ಟದ್ದಾಗಿರಬೇಕು, ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್. ಅದಕ್ಕಿಂತ ಕೆಳಗಿನ ಕೆಲವು ಕೆಲಸಗಳನ್ನು ತಾತ್ಕಾಲಿಕ ಪಟ್ಟಿಯಲ್ಲಿ ಉಳಿಸಿದ್ದಾರೆ, ಆದರೆ ಅದರಲ್ಲಿ ಹೊಸದಾಗಿ ಹೋಗುವವರು ಕುಟುಂಬ ಕರೆದೊಯ್ಯುವಂತಿಲ್ಲ. 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಬಿ2 ಇಂಗ್ಲಿಷ್ ಬೇಕು.

ಕೇರ್ ವರ್ಕರ್, ಅಂದರೆ ವೃದ್ಧರ, ರೋಗಿಗಳ ಆರೈಕೆಯ ಕೆಲಸದ ಹೆಸರಲ್ಲಿ ಹಣ ಕಳೆದುಕೊಂಡ ಮನೆಗಳು ಬಹಳ. ಅದಕ್ಕೇ ಬಿಡಿಸಿ ಹೇಳುತ್ತೇವೆ. ಕೇರ್ ವರ್ಕರ್‌ಗಳು ಕುಟುಂಬ ಕರೆದೊಯ್ಯುವುದನ್ನು 2024ರ ಮಾರ್ಚ್ 11ರಿಂದ ನಿಲ್ಲಿಸಿದರು. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ತೆಗೆದುಕೊಳ್ಳುವುದನ್ನೇ 2025ರ ಜುಲೈ 22ರಿಂದ ನಿಲ್ಲಿಸಿದರು. ಈಗ ಯಾರಾದರೂ ‘ಕೇರ್ ವೀಸಾ, ಹೆಂಡತಿಯೂ ಬರಬಹುದು, ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ಗೆ ಇಷ್ಟು ಲಕ್ಷ’ ಎಂದರೆ ಆ ಮಾತಿನ ಮೂರು ತುಂಡೂ ಸುಳ್ಳು. ಸ್ಪಾನ್ಸರ್ ಕಂಪನಿ ಕೊಡುವ ಆ ಸರ್ಟಿಫಿಕೇಟಿನ ಶುಲ್ಕ ಕಟ್ಟಬೇಕಾದವರು ಕಂಪನಿಯವರು. ಅದನ್ನು ಕೆಲಸಗಾರರ ಮೇಲೆ ಹಾಕಲು ನಿಯಮ ಬಿಡುವುದಿಲ್ಲ.

ನೋಂದಾಯಿತ ನರ್ಸ್‌ಗಳ ಸ್ಥಿತಿ ಬೇರೆ. ಅವರ ಕೆಲಸ ಪದವಿ ಮಟ್ಟದ್ದು, ಕುಟುಂಬ ಕರೆದೊಯ್ಯಬಹುದು, ಹೆಲ್ತ್ ಅಂಡ್ ಕೇರ್ ವೀಸಾ ಆದ್ದರಿಂದ ಆರೋಗ್ಯ ಸರ್ಚಾರ್ಜ್ ಇಲ್ಲ. ಉಳಿದವರಿಗೆ ಆ ಸರ್ಚಾರ್ಜೇ ಭಾರ: ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವೀಸಾದ ಪೂರ್ತಿ ಅವಧಿಯದ್ದು ಮುಂಗಡ. ಇಬ್ಬರಿಗೆ ಐದು ವರ್ಷಕ್ಕೆ 10,350 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೆ ಸುಮಾರು 11.9 ಲಕ್ಷ ರೂಪಾಯಿ, ವಿಮಾನ ಹತ್ತುವ ಮೊದಲೇ. ಕಂಪನಿ ಯಾರದ್ದು ಕಟ್ಟುತ್ತದೆ, ಕೆಲಸಗಾರರದ್ದು ಮಾತ್ರವೋ ಕುಟುಂಬದ್ದೂ ಸೇರಿಯೋ ಎಂದು ಆಫರ್ ಒಪ್ಪುವ ಮೊದಲೇ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ.

ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಸಿಗದಿದ್ದರೆ ಇಬ್ಬರೂ ಹೊರಡಬೇಕು. ಸಂಗಾತಿ ಒಳ್ಳೆಯ ಕೆಲಸದಲ್ಲಿದ್ದರೂ ಅಷ್ಟೇ. ನೆಲೆಸುವ ಹಕ್ಕಿಗೆ ಐದು ವರ್ಷ ಎಂಬುದು ಇಲ್ಲಿಯವರೆಗಿನ ಲೆಕ್ಕ. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಅದನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ ಮುಂದಿಟ್ಟಿತು. ಈಗ ಹೊರಡುವವರು ಹತ್ತು ವರ್ಷ ಎಂದೇ ಎಣಿಸಿ ನಿರ್ಧರಿಸಿ.

ಸಂಗಾತಿಯ ಎಣಿಕೆ ಅವರು ಅಲ್ಲಿಗೆ ಬಂದ ದಿನದಿಂದ, ಬೇರೆಯಾಗಿ. ಗಂಡ ಹೋಗಿ ವರ್ಷದ ಮೇಲೆ ಹೆಂಡತಿ ಹೋದರೆ ಆಕೆಯ ನೆಲೆಯೂ ವರ್ಷ ತಡ. ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಎಣಿಕೆ ಮುರಿದುಬೀಳುತ್ತದೆ. ನಮ್ಮ ಕಡೆ ಹೆರಿಗೆಗೆ ಏಳನೇ ತಿಂಗಳಲ್ಲಿ ತವರಿಗೆ ಬಂದು, ಬಾಣಂತನ ಮುಗಿಸಿ, ಮಗುವಿಗೆ ಐದು ತಿಂಗಳಾದ ಮೇಲೆ ಹೊರಡುವುದು ರೂಢಿ. ದಿನ ಕೂಡಿಸಿ ನೋಡಿದರೆ 200 ದಾಟುತ್ತದೆ. ತಾಯಿಯನ್ನೇ ಅಲ್ಲಿಗೆ ಕರೆಸಿಕೊಳ್ಳುವುದು ಇಂಥ ಹೊತ್ತಿನಲ್ಲಿ ಮೇಲು. ಜರ್ಮನಿಯ ಬ್ಲೂ ಕಾರ್ಡ್ ಕುಟುಂಬಕ್ಕೆ ಈ ವಿಷಯದಲ್ಲಿ ಸ್ವಲ್ಪ ಉಸಿರಾಡಲು ಜಾಗವಿದೆ: 12 ತಿಂಗಳವರೆಗೆ ಹೊರಗಿದ್ದರೂ ಪರವಾನಗಿ ರದ್ದಾಗುವುದಿಲ್ಲ.

ಆಸ್ಟ್ರೇಲಿಯಾ: ಸಂಗಾತಿಯೂ ಅಂಕ ತರಬೇಕು

ಇಲ್ಲಿ ಅಂಕ ನೋಡಿ ಕೊಡುವ ವೀಸಾಗಳಿಗೆ ಕನಿಷ್ಠ 65 ಅಂಕ ಬೇಕು. ಆಹ್ವಾನ ಸಿಗಲು ಹೆಚ್ಚಿನ ವೃತ್ತಿಗಳಿಗೆ ಅದಕ್ಕಿಂತ ಬಹಳ ಮೇಲಿರಬೇಕು. 45 ತುಂಬುವುದರೊಳಗೆ ಆಹ್ವಾನ ಬಂದಿರಬೇಕು. 25ರಿಂದ 32 ವಯಸ್ಸಿನವರಿಗೆ 30 ಅಂಕ, 33ರಿಂದ 39ಕ್ಕೆ 25, ಆಮೇಲೆ 15.

ಒಬ್ಬಂಟಿಗಳಿಗೆ ಸಂಗಾತಿಯ ಖಾತೆಯಲ್ಲಿ 10 ಅಂಕ ಹಾಗೇ ಸಿಗುತ್ತದೆ. ಮದುವೆಯಾದವರು ಅದನ್ನು ಗಳಿಸಿಕೊಳ್ಳಬೇಕು. ಸಂಗಾತಿ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 6 ತೆಗೆದರೆ 5 ಅಂಕ. ಅದರ ಜೊತೆ ಅವರ ವೃತ್ತಿಗೂ ಸ್ಕಿಲ್ ಅಸೆಸ್‌ಮೆಂಟ್ (ಅರ್ಹತೆಯ ಪರಿಶೀಲನೆ) ಆಗಿ, ವಯಸ್ಸು 45ರ ಒಳಗಿದ್ದರೆ 10. ಏನೂ ಇಲ್ಲದಿದ್ದರೆ ಸೊನ್ನೆ. ರಾಜ್ಯದ ನಾಮನಿರ್ದೇಶನದ 190 ವೀಸಾಕ್ಕೆ 5 ಅಂಕ, ದೊಡ್ಡ ನಗರಗಳ ಹೊರಗೆ ಇರಬೇಕಾದ 491 ವೀಸಾಕ್ಕೆ 15 ಅಂಕ ಹೆಚ್ಚು ಸಿಗುತ್ತದೆ. 491 ತಗೊಂಡರೆ ಮೂರು ವರ್ಷ ಅಲ್ಲಿದ್ದು ದುಡಿದ ಮೇಲೆ ಪಿ.ಆರ್.ಗೆ ಅರ್ಜಿ.

ಸಂಗಾತಿ ಕನ್ನಡ ಮಾಧ್ಯಮದಲ್ಲಿ ಓದಿದವರಾಗಿದ್ದರೆ ಒಂದು ಖರ್ಚು ಕಾದಿರುತ್ತದೆ. ಕನಿಷ್ಠ ಮಟ್ಟದ ಇಂಗ್ಲಿಷ್ ಸಾಬೀತಾಗದಿದ್ದರೆ ದೊಡ್ಡ ಮೊತ್ತದ ಎರಡನೇ ಕಂತು ಕಟ್ಟಿಸಿಕೊಳ್ಳುತ್ತಾರೆ. ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಬಂದರೆ ಅದು ತಪ್ಪುತ್ತದೆ. ಎರಡು ತಿಂಗಳು ಕೂತು ಓದಿದರೆ ಬರುವ ಅಂಕ ಅದು.

ಕಂಪನಿಯ ಸ್ಪಾನ್ಸರ್ ಇದ್ದು ಹೋಗುವವರಿಗೆ 482 ವೀಸಾ. 2024ರ ಡಿಸೆಂಬರ್‌ನಿಂದ ಅದರ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್. ಸಂಗಾತಿಗೆ ಪೂರ್ತಿ ಕೆಲಸದ ಹಕ್ಕಿದೆ. ಕೆಲಸ ಹೋದರೆ ಒಮ್ಮೆಗೆ 180 ದಿನ ಸಿಗುತ್ತದೆ, ಬ್ರಿಟನ್ನಿನ ಮೂರು ಪಟ್ಟು. ಎರಡು ವರ್ಷ ದುಡಿದ ಮೇಲೆ ಕಂಪನಿ ಒಪ್ಪಿದರೆ 186 ವೀಸಾದಲ್ಲಿ ಪಿ.ಆರ್.ಗೆ ಹೋಗಬಹುದು. ಸ್ಪಾನ್ಸರ್ ಮೇಲೆ ನಿಂತ ವೀಸಾಗಳಲ್ಲಿ ದಂಪತಿಗೆ ಇದು ನೆಮ್ಮದಿಯದ್ದು ಎಂದು ನಮ್ಮ ಎಣಿಕೆ.

ಐರ್ಲೆಂಡ್, ಅಮೆರಿಕ, ಕೊಲ್ಲಿ ದೇಶಗಳು

ಐರ್ಲೆಂಡಿನ ಹೆಸರು ನಮ್ಮ ಕಡೆ ಕೇಳಿಬರುವುದು ಕಡಿಮೆ. ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಸಿಕ್ಕರೆ ಸಂಗಾತಿ ಬೇರೆ ಪರ್ಮಿಟ್ ಇಲ್ಲದೆ ದುಡಿಯಬಹುದು, ಎರಡು ವರ್ಷದ ಮೇಲೆ ಸ್ಟಾಂಪ್ 4 ಎಂಬ ವಾಸದ ಅನುಮತಿ ಸಿಕ್ಕಿ ಕಂಪನಿಯ ಹಂಗು ತಪ್ಪುತ್ತದೆ. ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ, ಆ ಒಂದನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಾಫ್ಟ್‌ವೇರ್ ಮತ್ತು ನರ್ಸಿಂಗ್ ಜೋಡಿಗೆ ಒಳ್ಳೆಯ ಆಯ್ಕೆ.

ಅಮೆರಿಕದ ಎಚ್-1ಬಿ ಕೆಲಸದ ವೀಸಾ ಲಾಟರಿಯಲ್ಲಿ ವರ್ಷಕ್ಕೆ 85,000 ಮಾತ್ರ. ಹೊರಗಿನಿಂದ ಕರೆಸಿಕೊಳ್ಳುವ ಹೊಸ ಅರ್ಜಿಗಳ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ 1,00,000 ಡಾಲರ್ ಶುಲ್ಕ ಹೇರಿದರು. ಅವಲಂಬಿತರ ಎಚ್-4 ವೀಸಾದಲ್ಲಿ ಹೋದ ಸಂಗಾತಿ, ಮೊದಲನೆಯವರ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗುವವರೆಗೆ ದುಡಿಯುವಂತಿಲ್ಲ. ಗ್ರೀನ್ ಕಾರ್ಡ್‌ಗೆ ಭಾರತದವರ ಸಾಲು ದಶಕ ಮೀರಿದ್ದು, ಕೆಲಸ ಹೋದರೆ 60 ದಿನ. ಈಗಿನ ಕಂಪನಿಯೇ ವರ್ಗಾವಣೆಯ ಎಲ್-1 ವೀಸಾದಲ್ಲಿ ಕಳಿಸಿದರೆ ಮಾತ್ರ ಸಂಗಾತಿಗೆ ಕೂಡಲೇ ದುಡಿಯುವ ಹಕ್ಕು. ಇಬ್ಬರೂ ದುಡಿಯಬೇಕು ಎನ್ನುವವರಿಗೆ ಉಳಿದ ದಾರಿಗಳನ್ನು ನಾವು ಸಲಹೆ ಮಾಡುವುದಿಲ್ಲ.

ಕೊಲ್ಲಿ ದೇಶಗಳು ದುಡಿದು ಉಳಿಸಲು ಸರಿ, ನೆಲೆಸಲು ಅಲ್ಲ. ಹೋಗುವವರಿಗೆ ಒಂದು ಸೂಚನೆ: ಹತ್ತನೇ ತರಗತಿ ಪಾಸಾಗಿದ್ದರೂ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು ಎಂಬ) ಮೊಹರು ಉಳಿದಿದ್ದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೋರಿಸಿ ತೆಗೆಸಿ. ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತನೇ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು 30,000 ರೂಪಾಯಿ, ಅದಕ್ಕಿಂತ ಹೆಚ್ಚಿಲ್ಲ.

ಕಾಗದಗಳು ಎಡವುವ ಜಾಗ

ಯಾವ ದೇಶವಾದರೂ ನಮ್ಮ ಜಿಲ್ಲೆಗಳ ಅರ್ಜಿಗಳು ಮೊದಲು ನಿಲ್ಲುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಮಂಜುನಾಥ ಟಿ.ಎಚ್.’ ಎಂದಿರುತ್ತದೆ. ಟಿ ಎಂದರೆ ಊರು, ಎಚ್ ಎಂದರೆ ತಂದೆ ಹನುಮಂತರಾಯಪ್ಪ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಸಿದಾಗ ಊರ ಹೆಸರೇ ಸರ್‌ನೇಮ್ ಆಗುತ್ತದೆ, ಅಥವಾ ಸರ್‌ನೇಮ್ ಖಾಲಿ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಂಜುನಾಥದ ಕೊನೆಗೆ ‘ಎ’ ಅಕ್ಷರ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಮದುವೆ ಪ್ರಮಾಣಪತ್ರದಲ್ಲಿ ಮೂರನೆಯದೇ ರೂಪ. ನಮಗೆ ಇವೆಲ್ಲ ಒಬ್ಬರೇ. ಜರ್ಮನಿಯಲ್ಲೋ ಕೆನಡಾದಲ್ಲೋ ಕೂತು ಪರದೆಯ ಮೇಲೆ ನೋಡುವ ಅಧಿಕಾರಿಗೆ ಮೂವರು.

ಸರಿಪಡಿಸುವಾಗ ಪಾಸ್‌ಪೋರ್ಟನ್ನು ಮೂಲ ಎಂದು ಇಟ್ಟುಕೊಳ್ಳಿ. ಮದುವೆ ನೋಂದಣಿ ಇನ್ನೂ ಆಗಿಲ್ಲದಿದ್ದರೆ ರಾಜ್ಯದ ನೋಂದಣಿ ತಾಣ ಕಾವೇರಿ 2.0ರಲ್ಲಿ ಅರ್ಜಿ ತುಂಬುವಾಗ ಇಬ್ಬರ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಆಧಾರ್ ನೋಡಿ ತುಂಬುವುದರಿಂದಲೇ ಅರ್ಧ ತಪ್ಪು ಹುಟ್ಟುತ್ತದೆ. ಆಗಲೇ ತಪ್ಪಾಗಿ ಹೋಗಿರುವ ಹಳೆಯ ಮಾರ್ಕ್ಸ್ ಕಾರ್ಡುಗಳಿಗೆ ‘ಈ ಎಲ್ಲ ಹೆಸರೂ ಒಬ್ಬರದೇ’ ಎಂಬ ಪ್ರಮಾಣಪತ್ರವನ್ನು ಛಾಪಾ ಕಾಗದದಲ್ಲಿ ಮಾಡಿಸಿ ನೋಟರಿ ಹಾಕಿಸಿ, ಪ್ರತಿ ರೂಪವನ್ನೂ ಅದು ಇರುವ ದಾಖಲೆಯ ಹೆಸರಿನ ಜೊತೆ ಬರೆಸಿ. ಮದುವೆಯಾದ ಮೇಲೆ ಹೆಂಡತಿಯ ಹೆಸರು ಬದಲಿಸಲೇಬೇಕು ಎಂದೇನಿಲ್ಲ. ತವರಿನ ಹೆಸರೇ ಉಳಿಸಿಕೊಂಡರೆ ಪದವಿಯಿಂದ ಪಾಸ್‌ಪೋರ್ಟ್‌ವರೆಗೆ ಒಂದೇ ದಾರ ಉಳಿಯುತ್ತದೆ.

ಎರಡನೆಯದು ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಶ್ವವಿದ್ಯಾಲಯ ಕೊಡುವ ಎಲ್ಲ ಅಂಕಗಳ ಒಟ್ಟು ಪಟ್ಟಿ. ತುಮಕೂರು ವಿಶ್ವವಿದ್ಯಾಲಯ ಆದದ್ದು 2004ರಲ್ಲಿ, ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರಲ್ಲಿ. ಅದಕ್ಕೂ ಮೊದಲು ಈ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಓದಿದವರ ದಾಖಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿರುತ್ತದೆ. ಎಂಜಿನಿಯರಿಂಗ್‌ನವರಿಗೆ ಬೆಳಗಾವಿಯ ವಿಟಿಯು, ನರ್ಸಿಂಗ್‌ನವರಿಗೆ ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ನಿಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಗೇ ಹೋಗಿ. ಕಾಲೇಜಿಗೆ ಅಲೆದು ಫಲವಿಲ್ಲ. ಕೆನಡಾಕ್ಕೆ ಡಬ್ಲ್ಯುಇಎಸ್‌ನಂಥ ಪದವಿ ಮೌಲ್ಯಮಾಪನ ಸಂಸ್ಥೆಗೆ ದಾಖಲೆ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು, ನೀವು ಕಳಿಸಿದರೆ ಒಪ್ಪುವುದಿಲ್ಲ. ಒಂದೇ ಸಲಕ್ಕೆ ಇಬ್ಬರದ್ದೂ ಮಾಡಿಸಿ.

ಅನುಭವ ಪತ್ರದ ಸಮಸ್ಯೆ ನರಸಾಪುರ, ಗೌರಿಬಿದನೂರು, ವಸಂತನರಸಾಪುರದ ಸಣ್ಣ ಘಟಕಗಳಲ್ಲಿ ದುಡಿದವರಿಗೆ ಹೆಚ್ಚು. ‘ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿದ್ದರು, ನಡತೆ ಒಳ್ಳೆಯದು’ ಎಂಬ ಎರಡು ಸಾಲು ಸಾಲದು. ಹುದ್ದೆ, ಮಾಡುತ್ತಿದ್ದ ಕೆಲಸಗಳ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಹಾಕಿದವರ ಹುದ್ದೆ ಮತ್ತು ಫೋನ್, ಇವೆಲ್ಲ ಲೆಟರ್‌ಹೆಡ್‌ನಲ್ಲಿರಬೇಕು. ಕೆಲಸ ಬಿಡುವ ದಿನವೇ ಬರೆಸಿಕೊಳ್ಳಿ. ಕೊಡದಿದ್ದರೆ ಪಿ.ಎಫ್. ಪಾಸ್‌ಬುಕ್, ಫಾರ್ಮ್ 16, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ, ಮೇಲಧಿಕಾರಿಯ ಪ್ರಮಾಣಪತ್ರ ಸೇರಿಸಬಹುದು.

ಹಣದ ದಾಖಲೆಯಲ್ಲಿ ಕೆನಡಾ ಕಟ್ಟುನಿಟ್ಟು. ಇಬ್ಬರ ಕುಟುಂಬಕ್ಕೆ 2025ರ ಜುಲೈನಿಂದ 19,001 ಕೆನಡಾ ಡಾಲರ್ ತೋರಿಸಬೇಕು, ಕಳೆದ ಆರು ತಿಂಗಳ ಸರಾಸರಿಯನ್ನೂ ನೋಡುತ್ತಾರೆ. ಅರ್ಜಿಯ ಹಿಂದಿನ ವಾರ ಚೀಟಿ ಎತ್ತಿ ಹಾಕಿದ ಹಣ, ಒಡವೆ ಅಡವಿಟ್ಟು ತಂದ ಸಾಲ ಕಣ್ಣಿಗೆ ಬೀಳುತ್ತವೆ. ಸಾಲದ ಹಣವನ್ನು ಒಪ್ಪುವುದೇ ಇಲ್ಲ. ಅಪ್ಪ ಸೈಟ್ ಮಾರಿ ಕೊಟ್ಟದ್ದಾದರೆ ಕ್ರಯಪತ್ರದ ಪ್ರತಿ, ಹಣ ಬಂದ ದಾರಿ, ‘ವಾಪಸ್ ಕೊಡಬೇಕಿಲ್ಲ’ ಎಂಬ ದಾನದ ಪತ್ರ ಮೂರೂ ಇರಲಿ. ಪಹಣಿಯಲ್ಲಿರುವ ಜಮೀನಿನ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ.

ಜಮೀನಿನ ಮಾತು ಬಂದದ್ದರಿಂದ: ಅನಿವಾಸಿಯಾದ ಮೇಲೆ, ಅಥವಾ ಆ ದೇಶದ ಪೌರತ್ವ ತೆಗೆದುಕೊಂಡು ಓಸಿಐ (ಭಾರತೀಯ ಮೂಲದ ಹೊರದೇಶದ ಪ್ರಜೆ) ಆದ ಮೇಲೆ, ಕೃಷಿ ಜಮೀನು ಅಥವಾ ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಣ್ಣ ತಮ್ಮಂದಿರ ಭಾಗ ಬಾಕಿ ಇದ್ದರೆ ಹೊರಡುವ ಮೊದಲೇ ವಿಭಾಗಪತ್ರ ನೋಂದಾಯಿಸಿ ಖಾತೆ ಮಾಡಿಸಿಕೊಳ್ಳಿ. ಆಮೇಲೆ ಜಿಪಿಎ (ಬೇರೆಯವರಿಗೆ ಕೊಡುವ ಅಧಿಕಾರಪತ್ರ) ಮೇಲೆ ನಡೆಸುವುದು ದುಬಾರಿ, ನಂಬಿಕೆಯ ಪ್ರಶ್ನೆಯೂ ಹೌದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ ಎಂಬುದನ್ನೂ ಮನೆಯಲ್ಲಿ ಹಿರಿಯರಿಗೆ ಬಿಡಿಸಿ ಹೇಳಿ.

ಹಾಗಾದರೆ ಯಾರಿಗೆ ಯಾವುದು

ಇಬ್ಬರೂ ಸಾಫ್ಟ್‌ವೇರ್, ವಯಸ್ಸು ಮೂವತ್ತೈದರೊಳಗೆ: ಜರ್ಮನಿ ಅಥವಾ ಐರ್ಲೆಂಡ್ ಮೊದಲು, ಕೆನಡಾದ ಅಂಕ ಪಕ್ಕದಲ್ಲಿ ಏರಿಸುತ್ತಿರಿ. ಒಬ್ಬರು ನರ್ಸ್ ಆಗಿದ್ದರೆ ಅರ್ಜಿ ಅವರ ಹೆಸರಲ್ಲೇ ಇರಲಿ, ಇನ್ನೊಬ್ಬರ ಸಂಬಳ ಎಷ್ಟೇ ಇರಲಿ. ಐರ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಈ ಕ್ರಮದಲ್ಲಿ ನೋಡಿ, ಬ್ರಿಟನ್ ಆಮೇಲೆ. ಒಬ್ಬರಿಗೆ ಒಳ್ಳೆಯ ಕೆಲಸ, ಇನ್ನೊಬ್ಬರು ಶಿಕ್ಷಕರೋ ಬ್ಯಾಂಕಿನವರೋ ಆಗಿದ್ದು ಇಂಗ್ಲಿಷ್ ಮಾತ್ರ ಬಲ್ಲವರಾದರೆ ಆಸ್ಟ್ರೇಲಿಯಾದ 482 ಹೊಂದುತ್ತದೆ. ಅವರೇ ಜರ್ಮನಿಗೆ ಹೋದರೆ ಎರಡು ವರ್ಷ ಭಾಷೆಗೇ ಬೇಕು. ನಲವತ್ತು ದಾಟಿದ ಜೋಡಿಗೆ ವಯಸ್ಸಿನ ಅಂಕ ಕೇಳದ ಜರ್ಮನಿಯ ಬ್ಲೂ ಕಾರ್ಡ್ ಮೇಲು. 45 ದಾಟಿ ಮೊದಲ ಬಾರಿ ಹೋಗುವವರಿಗೆ ಮಾತ್ರ ಸಂಬಳದ ಮಿತಿ ಹೆಚ್ಚು, ಅಥವಾ ಪಿಂಚಣಿಯ ವ್ಯವಸ್ಥೆ ತೋರಿಸಬೇಕು ಎಂಬ ಷರತ್ತು ಕೆಲವು ಕೆಲಸದ ವೀಸಾಗಳಲ್ಲಿದೆ.

ದೇಶ ಗೊತ್ತಾದ ಮೇಲೆ ಕೆಲಸಗಳ ಸರದಿ ತಪ್ಪದಿರಲಿ, ಏಕೆಂದರೆ ಪ್ರತಿ ಕಾಗದಕ್ಕೂ ಆಯುಸ್ಸಿದೆ. ಹೆಸರು ಸರಿಪಡಿಸುವುದು, ಮದುವೆ ನೋಂದಣಿ, ಟ್ರಾನ್ಸ್‌ಕ್ರಿಪ್ಟ್ ಮೊದಲು, ಇವಕ್ಕೆ ಅವಧಿ ಮುಗಿಯುವ ಭಯವಿಲ್ಲ. ಕೆನಡಾದ ಪದವಿ ಮೌಲ್ಯಮಾಪನ ಐದು ವರ್ಷ ನಡೆಯುತ್ತದೆ, ಐಇಎಲ್‌ಟಿಎಸ್ ಎರಡು ವರ್ಷ. ಬ್ರಿಟನ್ನಿಗೆ ಬೇಕಾದ ಕ್ಷಯ ಪರೀಕ್ಷೆಯ ಸರ್ಟಿಫಿಕೇಟಿಗೆ ಆರೇ ತಿಂಗಳು, ಅದನ್ನು ಕೊನೆಗೆ ಇಡಿ. ಕೆನಡಾದ ಆಹ್ವಾನ ಬಂದ ಮೇಲೆ 60 ದಿನದಲ್ಲಿ ಎಲ್ಲ ಸಲ್ಲಿಸಬೇಕು. 2025ರ ಆಗಸ್ಟ್ 21ರಿಂದ ವೈದ್ಯಕೀಯ ಪರೀಕ್ಷೆಯನ್ನೂ ಅರ್ಜಿಗೆ ಮೊದಲೇ ಮಾಡಿಸಿರಬೇಕು, ಅದೂ ಅವರ ಪಟ್ಟಿಯಲ್ಲಿರುವ ವೈದ್ಯರ ಬಳಿ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ. ಪಾಸ್‌ಪೋರ್ಟಿನಲ್ಲಿರುವ ವಿಳಾಸದಲ್ಲಿ ಈಗ ಇಲ್ಲದಿದ್ದರೆ ಠಾಣೆಯ ವರದಿ ತಡವಾಗುತ್ತದೆ, ಅದಕ್ಕೆ ಮೂರು ವಾರ ಹೆಚ್ಚೇ ಇಟ್ಟುಕೊಳ್ಳಿ.

ಬೆರಳಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕು. ಸ್ಲಾಟ್ ಹಿಡಿಯುವಾಗ ಇಬ್ಬರದ್ದೂ ಒಂದೇ ದಿನ, ಬೆಳಗ್ಗೆ ಹನ್ನೊಂದರ ಮೇಲೆ ಸಿಗುವಂತೆ ನೋಡಿ. ಎಂಟೂವರೆಯ ಸ್ಲಾಟ್ ಹಿಡಿದವರು ನೆಲಮಂಗಲದಲ್ಲೋ ಹೆಬ್ಬಾಳದಲ್ಲೋ ಕೆ.ಆರ್. ಪುರದಲ್ಲೋ ಸಿಕ್ಕಿಕೊಳ್ಳುತ್ತಾರೆ. ಮೂಲ ಮದುವೆ ಪ್ರಮಾಣಪತ್ರ ಮತ್ತು ಅದರ ಎರಡು ಪ್ರತಿ ಇಬ್ಬರ ಫೈಲಿನಲ್ಲೂ ಬೇರೆ ಬೇರೆಯಾಗಿ ಇರಲಿ, ಕೌಂಟರಿನಲ್ಲಿ ಇಬ್ಬರನ್ನು ಒಟ್ಟಿಗೆ ಕರೆಯುತ್ತಾರೆಂಬ ಖಾತ್ರಿ ಇಲ್ಲ.